ಪ್ರತ್ಯೇಕ ದೋಣಿಯ ಬಾಡಿಗೆ

ಜುಮಾ ದಿನ ಸೂರಃ ಅಲ್‌ಕಹ್ಫ್ ಪಾರಾಯಣ ಮಾಡುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಆ ಅಧ್ಯಾಯದಲ್ಲಿ ಒಂದು ದೋಣಿಯ ಪ್ರಸ್ತಾಪ ಬರುತ್ತದೆ. ಹ. ಮೂಸಾ(ಅ) ಮತ್ತು ಹ. ಖಿಝರ್(ಅ) ಅದನ್ನೇರುತ್ತಾರೆ. ಖಿಝರ್(ಅ)ರು ಅದರಲ್ಲಿ ತೂತು ಮಾಡುತ್ತಾರೆ. ಮೂಸಾ(ಅ)ರಿಗೆ ಸಹನೆ ತಪ್ಪುತ್ತದೆ. ಕಾರಣ ಆಮೇಲೆ ತಿಳಿಯುತ್ತದೆ: ದೋಣಿಯು ಕಡಲಲ್ಲಿ ದುಡಿದು ಬದುಕುವ ಕೆಲವು ಬಡವರದಾಗಿತ್ತು. ಮುಂದೊಬ್ಬ ಅರಸನು ಒಳ್ಳೆಯ ದೋಣಿಗಳನ್ನೆಲ್ಲ ಬಲಾತ್ಕಾರವಾಗಿ ಕಸಿಯುತ್ತಿದ್ದನು. ಊನವಾದ ದೋಣಿ ಅವನಿಗೆ ಬೇಡವಾಗಿತ್ತು.

ಇಷ್ಟು ಎಲ್ಲರಿಗೂ ಗೊತ್ತು. ಆದರೆ ಸಹೀಹ್ ಬುಖಾರಿಯ ಹದೀಸ್ ಇದಕ್ಕೊಂದು ಸಣ್ಣ ವಿವರವನ್ನು ಸೇರಿಸುತ್ತದೆ. ದೋಣಿಯವರು ಖಿಝರ್(ಅ)ರ ಗುರುತು ಹಿಡಿದು, ಬಾಡಿಗೆ ಪಡೆಯದೆ ಅವರನ್ನು ಹತ್ತಿಸಿಕೊಂಡಿದ್ದರು. ಮೂಸಾ(ಅ)ರ ಆಕ್ಷೇಪದಲ್ಲಿ ಆ ಮಾತೂ ಇತ್ತು. ಬಿಟ್ಟಿಯಾಗಿ ಕರೆತಂದ ಈ ಜನರ ದೋಣಿಯನ್ನೇ ಕೆಡಿಸಿದಿರಲ್ಲಾ ಎಂದು ಅವರು ಕೇಳಿದ್ದರು. ಅಂದರೆ ದೋಣಿಯ ಬಾಡಿಗೆಯು ದೋಣಿಯವನ ಹಕ್ಕು. ಅದನ್ನು ಬಿಟ್ಟುಕೊಡುವ ಅಧಿಕಾರ ಅವನಿಗಿದೆಯೇ ಹೊರತು ಹತ್ತುವವನಿಗಿಲ್ಲ.

ಇದನ್ನು ಈಗ ನೆನಪಿಸುವುದಕ್ಕೆ ಕಾರಣವಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂಥ ನಮ್ಮ ಬಯಲುಸೀಮೆಯ ಊರುಗಳಿಂದಲೂ ಈಗ ಕುಟುಂಬಗಳು ಪ್ರವಾಸ ಹೊರಡುತ್ತವೆ. ಹತ್ತಿರದ್ದೆಂದರೆ ಹಂಪಿ, ಆನೆಗೊಂದಿ. ಮನೆಯ ಹುಡುಗ ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ದುಡಿಯುತ್ತಿದ್ದರೆ, ಮದುವೆಯಾದ ತಿಂಗಳಲ್ಲೇ ಮಾಲ್ದೀವ್ಸ್‌ನ ಮಾತು ಬರುತ್ತದೆ. ಎರಡೂ ಕಡೆ ನೀರು ದಾಟಬೇಕು. ಎರಡೂ ಕಡೆ ಒಂದೇ ಪ್ರಶ್ನೆ ಎದುರಾಗುತ್ತದೆ: ಎಲ್ಲರೊಡನೆ ಹೋಗುವ ದೋಣಿ ಇರುವಾಗ, ಹೆಚ್ಚು ಹಣ ಕೊಟ್ಟು ನಮಗಾಗಿಯೇ ಬೇರೆ ದೋಣಿ ಮಾಡಿಸಿಕೊಳ್ಳುವುದು ದುಂದುಗಾರಿಕೆಯೇ?

ಮೊದಲು ತುಂಗಭದ್ರೆಯ ದಡದಿಂದ ಆರಂಭಿಸೋಣ. ಅಲ್ಲಿಯ ಹರಿಗೋಲು ಬಹಳ ಹಳೆಯದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅದನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಹೊತ್ತು, ಹುಟ್ಟು ಹಾಕಿದಂತೆಲ್ಲ ಗಿರಗಿರನೆ ತಿರುಗುತ್ತಾ ಸಾಗುತ್ತಿತ್ತಂತೆ. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ, ಆಕಾರ ಬದಲಾಗಿಲ್ಲ. ನದಿಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಮೊದಲು ಸಾಲು ಸಾಲು ವಸತಿಗೃಹಗಳಿದ್ದವು. ಸಂಜೆಯಾಗುತ್ತಲೇ ಸಾಮಾನ್ಯ ದೋಣಿ ನಿಲ್ಲುತ್ತಿತ್ತು. ತಡವಾಗಿ ಬಂದವರು ಹೆಚ್ಚು ತೆತ್ತು ಹರಿಗೋಲು ಹಿಡಿಯಬೇಕು, ಇಲ್ಲವೇ ದೂರದ ಸೇತುವೆ ಸುತ್ತಿ ಬರಬೇಕು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಬಳಿಕ ಮಾರ್ಚ್‌ನಲ್ಲಿ ಆ ವಸತಿಗೃಹಗಳನ್ನು ಕೆಡವಲಾಯಿತು. ಹರಿಗೋಲಿನವರ ವಿಹಾರದ ದುಡಿಮೆ ಮಾತ್ರ ಹಂಪಿಯ ಚಕ್ರತೀರ್ಥದಲ್ಲೂ ಆಚೆಯ ಸಾಣಾಪುರ ಕೆರೆಯಲ್ಲೂ ಉಳಿದಿದೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಅದೂ ಬಂದ್. ಮಳೆಗಾಲದ ಎಷ್ಟೋ ದಿನ ಆ ಕುಟುಂಬಗಳಿಗೆ ಸಂಪಾದನೆಯಿಲ್ಲ ಎಂಬುದು ನೆನಪಿರಲಿ.

ಹರಿಗೋಲಿನಲ್ಲಿ ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ನಡುವಿನತ್ತ ಮುಖ ಮಾಡಿ ಕೂರಬೇಕು. ಹೆಂಗಸರ ಕಡೆ, ಗಂಡಸರ ಕಡೆ ಎಂಬ ಏರ್ಪಾಡು ಆ ದುಂಡು ಬುಟ್ಟಿಯಲ್ಲಿ ಸಾಧ್ಯವಿಲ್ಲ. ಅಪರಿಚಿತ ಗಂಡಸರ ನಡುವೆ ತಾಯಿ, ಪತ್ನಿ, ಸೊಸೆಯನ್ನು ಕೂರಿಸಲು ಮನಸ್ಸಿಲ್ಲದ ಕುಟುಂಬ ಇಡೀ ಹರಿಗೋಲನ್ನು ಬಾಡಿಗೆಗೆ ಹಿಡಿದರೆ ಅದನ್ನು ದುಂದು ಎನ್ನಲಾಗದು. ಅಲ್ಲಿ ಕೊಟ್ಟ ಹೆಚ್ಚಿನ ಹಣವು ಲಜ್ಜೆಯ ರಕ್ಷಣೆಗೆ ಸಂದಿತು. ವೃದ್ಧರು, ಗರ್ಭಿಣಿಯರು, ಹಸುಗೂಸುಗಳಿರುವ ಮನೆಯವರಿಗೂ ಇದೇ ಮಾತು.

ಜೀವರಕ್ಷಣೆ ಇದಕ್ಕಿಂತಲೂ ದೊಡ್ಡ ಕಾರಣ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. 2023ರ ಮೇ 7ರ ಸಂಜೆ ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದೋಣಿ ಮುಳುಗಿ 22 ಜನ ಸತ್ತರು. ಅವರಲ್ಲಿ 11 ಮಂದಿ ಒಂದೇ ಕುಟುಂಬದವರು. ಎರಡರಲ್ಲೂ ಮಿತಿಮೀರಿ ಜನರನ್ನು ತುಂಬಲಾಗಿತ್ತು. ಸ್ವಂತ ಕೈಗಳಿಂದಲೇ ನಾಶಕ್ಕೆ ಬೀಳಬಾರದೆಂದು ಕುರ್‌ಆನ್ ಎಚ್ಚರಿಸಿದೆ. ತುಂಬಿ ತುಳುಕುವ ದೋಣಿಯನ್ನು ಬಿಟ್ಟು, ತೇಲುಜಾಕೀಟು ಕೊಡುವ ಬೇರೆ ದೋಣಿಗೆ ಎರಡು ಪಟ್ಟು ತೆತ್ತವನು ಜಾಣ. ಇಪ್ಪತ್ತು ರೂಪಾಯಿ ಉಳಿಸಲು ಮಕ್ಕಳನ್ನು ಆ ಗುಂಪಿಗೆ ನೂಕುವುದಕ್ಕೆ ಮಿತವ್ಯಯವೆಂಬ ಹೆಸರು ಸಲ್ಲದು.

ಇನ್ನು ಮಾಲ್ದೀವ್ಸ್. ಸುಮಾರು 1,200 ದ್ವೀಪಗಳ ಮುಸ್ಲಿಮ್ ದೇಶವದು. ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿಯ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದನ್ನು ಮೆಚ್ಚಿ ಬರೆದ ಇಬ್ನ್ ಬತೂತಾ, 1340ರ ದಶಕದಲ್ಲಿ ಆ ದ್ವೀಪಗಳಲ್ಲಿ ಕಾಝಿಯಾಗಿದ್ದರು. ಇಂದು ಅಲ್ಲಿ ಸಾಮಾನ್ಯವಾಗಿ ಒಂದು ದ್ವೀಪಕ್ಕೊಂದು ರೆಸಾರ್ಟ್. ಮಾಲೆಯ ಪಕ್ಕದ ಹುಲ್‌ಹುಲೆ ದ್ವೀಪದಲ್ಲಿ ವಿಮಾನ ಇಳಿದವರು ಅಲ್ಲಿಂದ ಸ್ಪೀಡ್‌ಬೋಟಿನಲ್ಲಿಯೋ ನೀರಿನ ಮೇಲಿಳಿಯುವ ಸಣ್ಣ ವಿಮಾನದಲ್ಲಿಯೋ ಹೋಗಬೇಕು. ಆ ಸಣ್ಣ ವಿಮಾನ ಹಗಲಿನಲ್ಲಿ ಮಾತ್ರ ಹಾರುತ್ತದೆ. ಎಲ್ಲರಿಗಾಗಿ ಇರುವ ಬೋಟು ಇತರ ವಿಮಾನಗಳ ಅತಿಥಿಗಳಿಗಾಗಿ ಕಾಯುತ್ತದೆ. ಕಾಯಲೊಲ್ಲದವರಿಗೆ ಪ್ರತ್ಯೇಕ ಬೋಟು ಇದೆ. ಅದರ ದರ ಬಹಳ ಹೆಚ್ಚು. ಅನೇಕ ಸಲ ಕೋಣೆಯ ಬಾಡಿಗೆಯೆಂದು ಜಾಹೀರಾತಿನಲ್ಲಿ ಕಾಣುವ ಮೊತ್ತದಲ್ಲಿ ಈ ಸಾಗಾಟದ ಖರ್ಚು ಸೇರಿರುವುದೇ ಇಲ್ಲ. ಸೇವಾಶುಲ್ಕ, ತೆರಿಗೆ ಮತ್ತೆ ಬೇರೆ. (ಜನವಸತಿಯ ದ್ವೀಪಗಳಲ್ಲಿ ಮದ್ಯಕ್ಕೆ ನಿಷೇಧವಿದೆ, ರೆಸಾರ್ಟ್ ದ್ವೀಪಗಳಲ್ಲಿ ಅದು ಸಿಗುತ್ತದೆ. ಬೋಟಿನ ವಿಚಾರ ಚರ್ಚಿಸುವ ಮೊದಲು ಮದುಮಕ್ಕಳು ಅದನ್ನೂ ಯೋಚಿಸಬೇಕಲ್ಲವೇ? ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳಿವೆ, ಅಲ್ಲಿಗೆ ಕಡಿಮೆ ದರದ ಸಾರ್ವಜನಿಕ ದೋಣಿಗಳೂ ಇವೆ, ಮಸೀದಿಯಂತೂ ಇದ್ದೇ ಇದೆ.)

ಬಾಡಿಗೆಯೆಂಬುದು ಇಸ್ಲಾಮಿನಲ್ಲಿ ಒಂದು ಕರಾರು. ಫಿಕ್ಹ್ ಗ್ರಂಥಗಳು ಇದನ್ನು ಇಜಾರಃ ಎಂಬ ಅಧ್ಯಾಯದಲ್ಲಿ ಚರ್ಚಿಸುತ್ತವೆ. ಕೆಲಸ ಯಾವುದು, ಪ್ರತಿಫಲ ಎಷ್ಟು ಎಂಬುದು ಮೊದಲೇ ಇಬ್ಬರಿಗೂ ತಿಳಿದಿರಬೇಕು. ಹಿಜ್ರತ್‌ನ ಪ್ರಸಂಗವನ್ನೇ ನೋಡಿ. ಪ್ರಾಣಕ್ಕೆ ಕುತ್ತು ಬಂದಿದ್ದ ಆ ಹೊತ್ತಿನಲ್ಲಿಯೂ ಪ್ರವಾದಿವರ್ಯರು(ಸ) ಮತ್ತು ಹ. ಅಬೂಬಕರ್(ರ) ದಾರಿ ತೋರುವವನೊಬ್ಬನನ್ನು ಕೂಲಿಗೆ ಗೊತ್ತುಮಾಡಿದರು. ಅವನು ಮುಸ್ಲಿಮನಾಗಿರಲಿಲ್ಲ. ಒಂಟೆಗಳನ್ನು ಅವನಿಗೊಪ್ಪಿಸಿ, ಮೂರು ರಾತ್ರಿ ಕಳೆದು ಸೌರ್ ಗುಹೆಯ ಬಳಿ ಬರಬೇಕೆಂದು ಸ್ಥಳ, ಸಮಯ ನಿಗದಿ ಮಾಡಿದರು. ಅಬೂಬಕರ್(ರ) ತಮ್ಮ ಒಂಟೆಯೊಂದನ್ನು ಪ್ರವಾದಿವರ್ಯರಿಗೆ(ಸ) ಹಾಗೆಯೇ ಕೊಡಲು ಮುಂದಾದರೂ ಅವರು ಬೆಲೆಗೇ ಪಡೆಯುವುದಾಗಿ ಹೇಳಿದರು. ಆಪ್ತಮಿತ್ರನ ವಾಹನಕ್ಕೂ ಬೆಲೆ ಕಟ್ಟಿ ಏರಿದವರ ಅನುಯಾಯಿಗಳು ನಾವು. ಆದುದರಿಂದ ದೋಣಿಗೆ ಕಾಲಿಡುವ ಮೊದಲು ಕೇಳಿ: ತಲೆಗಿಷ್ಟೋ, ಇಡೀ ದೋಣಿಗಿಷ್ಟೋ? ಹೋಗುವುದಕ್ಕೆ ಮಾತ್ರವೋ, ಮರಳುವುದೂ ಸೇರಿಯೋ? ಮಗುವಿಗೂ ಹಣವಿದೆಯೇ? ಹೀಗೆ ಕೇಳುವುದನ್ನು ಜಿಪುಣತನವೆಂದು ನಾಚಿಕೊಳ್ಳುವವರೇ ಆಮೇಲೆ ದಡದಲ್ಲಿ ನಿಂತು ಜಗಳವಾಡುತ್ತಾರೆ.

ದೋಣಿ ನಡೆಸುವವರೂ ಈ ಲೇಖನವನ್ನು ಓದಬಹುದು. ಕರಾವಳಿಯಲ್ಲಿ ಆ ಉದ್ಯೋಗದ ಸಹೋದರರಿದ್ದಾರೆ. ಹೊತ್ತು ಮುಳುಗಿದ ಮೇಲೆ, ಗಾಳಿಯೆದ್ದಾಗ ಹೆಚ್ಚು ಕೇಳುವುದು ತಪ್ಪಲ್ಲ. ಶ್ರಮವೂ ಅಪಾಯವೂ ಹೆಚ್ಚು. ಮದೀನಾದಲ್ಲಿ ಬೆಲೆಗಳೇರಿದಾಗ ಜನರು ಬೆಲೆ ನಿಗದಿಪಡಿಸಲು ಕೋರಿದರೂ ಪ್ರವಾದಿವರ್ಯರು(ಸ) ಒಪ್ಪಲಿಲ್ಲವೆಂದು ಹದೀಸ್‌ಗಳಲ್ಲಿದೆ. ಆದರೆ ದರವನ್ನು ಮುಚ್ಚಿಟ್ಟು, ನಡುನೀರಿನಲ್ಲಿ ಹೊಸ ಮೊತ್ತ ಹೇಳುವುದು ವಂಚನೆ. ಒದ್ದೆ ಧಾನ್ಯವನ್ನು ರಾಶಿಯ ಕೆಳಗೆ ಅಡಗಿಸಿಟ್ಟ ವ್ಯಾಪಾರಿಗೆ ಪ್ರವಾದಿವರ್ಯರು(ಸ) ಏನು ಹೇಳಿದರೆಂಬುದು ನಿಮಗೆ ಗೊತ್ತಿದೆ.

ಈಗ ಮೂಲಪ್ರಶ್ನೆಗೆ ಬರೋಣ. ಲಜ್ಜೆಗೂ ಅಲ್ಲ, ಸುರಕ್ಷೆಗೂ ಅಲ್ಲ, ಕೇವಲ ಸುಖಕ್ಕಾಗಿ ಪ್ರತ್ಯೇಕ ಬೋಟು ಹಿಡಿದರೆ? ಅಲ್ಲಾಹನು ತನ್ನ ದಾಸನಿಗೆ ಕೊಟ್ಟ ಅನುಗ್ರಹದ ಗುರುತು ಅವನ ಮೇಲೆ ಕಾಣಿಸುವುದನ್ನು ಮೆಚ್ಚುತ್ತಾನೆಂದು ಪ್ರವಾದಿವಚನವಿದೆ. ಉಳ್ಳವನು ಹೊಸ ಮಡದಿಯೊಡನೆ ಒಂದು ಸಂಜೆ ನೆಮ್ಮದಿಯಾಗಿ ಕಡಲು ನೋಡಿದರೆ ಅದನ್ನು ಪಾಪವೆನ್ನಲು ನಮಗೇನು ಅಧಿಕಾರ? ಆದರೆ ಸೂರಃ ಬನೀ ಇಸ್ರಾಈಲ್‌ನ 26ನೆಯ ಸೂಕ್ತದ ಕ್ರಮವನ್ನು ಗಮನಿಸಿ. ದುಂದು ಮಾಡಬಾರದೆಂಬ ಆಜ್ಞೆ ಅದರಲ್ಲಿ ಕೊನೆಗೆ ಬರುತ್ತದೆ. ಅದಕ್ಕೆ ಮೊದಲು ಬಂಧುವಿನ ಹಕ್ಕು, ಬಡವನ ಹಕ್ಕು, ದಾರಿಗನ ಹಕ್ಕು. ಈ ಹಕ್ಕುಗಳು ಬಾಕಿಯಿರುವಾಗ ಮಾಡಿದ ಖರ್ಚು, ಮೊತ್ತ ಸಣ್ಣದಾದರೂ, ದುಂದಿನ ಕಡೆಗೇ ವಾಲುತ್ತದೆ.

ಎಲ್ಲಕ್ಕಿಂತ ಮೊದಲು ಮಹ್ರ್. ನಮ್ಮ ಸೀಮೆಯ ಎಷ್ಟು ನಿಕಾಹ್‌ಗಳಲ್ಲಿ ಅದು ಕಾಗದದ ಮೇಲೆಯೇ ಉಳಿಯುತ್ತದೆ! ಮಡದಿಗೆ ಸಲ್ಲಬೇಕಾದುದನ್ನು ಮುಂದಕ್ಕೆ ಹಾಕಿ, ಆಕೆಯನ್ನೇ ಪ್ರತ್ಯೇಕ ಬೋಟಿನಲ್ಲಿ ಕೂರಿಸಿ ಫೋಟೊ ತೆಗೆಯುವ ಗಂಡನು ಯಾರ ಹಣದಿಂದ ಉದಾರಿಯಾಗಿದ್ದಾನೆ? ಆಕೆ ಮನಃಪೂರ್ವಕವಾಗಿ ಕಾಲಾವಕಾಶ ಕೊಟ್ಟಿದ್ದರೆ ಮಾತು ಬೇರೆ. ಆದರೆ ಯಾರಾದರೂ ಆಕೆಯನ್ನು ಕೇಳಿದ್ದಾರೆಯೇ? ಎರಡನೆಯದು ಸಾಲ. ಕ್ರೆಡಿಟ್ ಕಾರ್ಡಿನಲ್ಲಿ ಹಣ ಕಟ್ಟಿ, ಊರಿಗೆ ಮರಳಿದ ಮೇಲೆ ತಿಂಗಳ ಕಂತಿನೊಡನೆ ಬಡ್ಡಿ ತೆರುವುದು ಈಗ ಸಾಮಾನ್ಯವಾಗಿದೆ. ಮನೆ ಕಟ್ಟಲು ಬಡ್ಡಿಸಾಲ ಬೇಡವೆಂದು ವರ್ಷಾನುಗಟ್ಟಲೆ ಬಾಡಿಗೆ ಮನೆಯಲ್ಲಿ ಸಹನೆಯಿಂದಿದ್ದ ತಂದೆಯ ಮಗ, ಒಂದು ತಾಸಿನ ಕಡಲಯಾನಕ್ಕಾಗಿ ಬಡ್ಡಿ ಕಟ್ಟುತ್ತಾನೆಂದರೆ ಆ ತಂದೆಗೆ ಹೇಗಾಗಬೇಡ.

ಉಳಿದದ್ದು ಖಾಲಿ ಜಾಗದ ಮಾತು. ನೀವು ನಾಲ್ವರು ಇಡೀ ಹರಿಗೋಲು ಹಿಡಿದಿದ್ದೀರಿ. ಹೊತ್ತು ಇಳಿಯುತ್ತಿದೆ. ದಡದಲ್ಲಿ ಮಗುವನ್ನೆತ್ತಿಕೊಂಡ ಒಂದು ಕುಟುಂಬ ನಿಂತಿದೆ. ಹಣ ನಿಮ್ಮದು, ಕರಾರು ನಿಮ್ಮದು. ಕಾನೂನಿನ ಪ್ರಕಾರ ಅವರು ನಿಮ್ಮನ್ನು ಏನೂ ಕೇಳುವಂತಿಲ್ಲ. ಆದರೆ ಸಹೀಹ್ ಮುಸ್ಲಿಮ್‌ನಲ್ಲಿ ಹ. ಅಬೂ ಸಈದ್ ಖುದ್ರೀ(ರ) ವರದಿ ಮಾಡಿದ ಘಟನೆಯೊಂದಿದೆ. ಪ್ರಯಾಣದಲ್ಲಿದ್ದಾಗ ಒಬ್ಬ ವ್ಯಕ್ತಿ ಬಂದು ಎಡಬಲ ನೋಡತೊಡಗಿದನು. ಪ್ರವಾದಿವರ್ಯರು(ಸ) ಆತನ ಅಗತ್ಯವನ್ನು ಅರಿತು, ಹೆಚ್ಚಿನ ವಾಹನವಿರುವವರು ಇಲ್ಲದವರಿಗೆ ಕೊಡಲಿ, ಹೆಚ್ಚಿನ ಬುತ್ತಿಯಿರುವವರು ಇಲ್ಲದವರಿಗೆ ಕೊಡಲಿ ಎಂದು ಒಂದೊಂದೇ ವಸ್ತುವನ್ನು ಹೆಸರಿಸುತ್ತಾ ಹೋದರು. ಅಗತ್ಯಕ್ಕಿಂತ ಹೆಚ್ಚಿರುವುದರಲ್ಲಿ ತಮಗಾರಿಗೂ ಹಕ್ಕೇ ಇಲ್ಲವೇನೋ ಎಂದು ಅನುಚರರಿಗೆ ತೋರಿತಂತೆ. ಹರಿಗೋಲು ತಾಳುವಷ್ಟು ಜನವಿದ್ದರೆ ಆ ತಾಯಿ ಮಗುವನ್ನು ಕರೆದುಕೊಳ್ಳಿ. ಅವರು ಯಾವ ಧರ್ಮದವರೆಂದು ವಿಚಾರಿಸುವ ಅಗತ್ಯವಿಲ್ಲ.

ಇನ್ನೊಂದು ವಿಚಿತ್ರವನ್ನು ಗಮನಿಸಿದ್ದೀರಾ? ರೆಸಾರ್ಟಿನ ಬಿಲ್ಲಿನಲ್ಲಿ ಬೋಟಿನದೆಂದು ಸಾವಿರಾರು ರೂಪಾಯಿ ಅಚ್ಚಾಗಿ ಬಂದರೆ ನಾವು ತುಟಿ ಪಿಟಕ್ಕೆನ್ನದೆ ಕೊಡುತ್ತೇವೆ. ಅದೇ ಹರಿಗೋಲಿನವನು ಐವತ್ತು ಹೆಚ್ಚಿಗೆ ಕೇಳಿದರೆ ನಮ್ಮ ಚೌಕಾಶಿಯ ಶಕ್ತಿಯೆಲ್ಲ ಅಲ್ಲಿ ಹೊರಬೀಳುತ್ತದೆ. ಬಿಸಿಲಿಗೆ ಬೆನ್ನೊಡ್ಡಿ ಹುಟ್ಟು ಹಾಕುವವನ ಮುಂದೆ ನಾವು ಲೆಕ್ಕದಲ್ಲಿ ಬಹಳ ಬಿಗಿ. ಅಲ್‌ಕಹ್ಫ್‌ನ ಬಡವರು ಇವರೇ ಅಲ್ಲವೇ? ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವಚನ ಇವರಿಗೂ ಅನ್ವಯಿಸುತ್ತದೆ. ಆಚೆ ದಡದಲ್ಲಿ ಚಿಲ್ಲರೆಯಿಲ್ಲವೆಂದು ನಿಲ್ಲಿಸಿಕೊಳ್ಳಬೇಡಿ, ಮೊದಲೇ ಜೋಡಿಸಿಟ್ಟುಕೊಳ್ಳಿ. ರೆಸಾರ್ಟಿನಲ್ಲಿ ನೀವು ತೆತ್ತ ದುಬಾರಿ ಬಾಡಿಗೆ ಬೋಟಿನ ನೌಕರನ ಕೈಗೆ ಹೋಗುವುದಿಲ್ಲ, ಅದು ಕಂಪೆನಿಯ ಲೆಕ್ಕಕ್ಕೆ ಜಮೆಯಾಗುತ್ತದೆ. ಸಾಮಾನು ಎತ್ತಿಳಿಸಿದವನಿಗೆ ಏನಾದರೂ ಕೊಡುವುದಿದ್ದರೆ ಬೇರೆಯಾಗಿಯೇ ಕೊಡಬೇಕು.

ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೊಡುವುದಕ್ಕೂ ಸುನ್ನತ್‌ನಲ್ಲಿ ಆಧಾರವಿದೆ. ಯುದ್ಧಯಾತ್ರೆಯೊಂದರಿಂದ ಮರಳುವಾಗ ಹ. ಜಾಬಿರ್(ರ)ರ ಒಂಟೆ ಬಳಲಿ ಹಿಂದುಳಿದಿತ್ತು. ಪ್ರವಾದಿವರ್ಯರು(ಸ) ಅದನ್ನು ಕೊಂಡರು. ಮದೀನಾ ಮುಟ್ಟುವ ತನಕ ಅದರ ಮೇಲೆ ತಾವೇ ಸವಾರಿ ಮಾಡುವುದಾಗಿ ಜಾಬಿರ್ ಷರತ್ತು ಹಾಕಿದರು, ಅದೂ ಒಪ್ಪಿಗೆಯಾಯಿತು. ಊರು ತಲುಪಿದ ಮೇಲೆ ಹ. ಬಿಲಾಲ್(ರ)ರಿಗೆ ಬೆಲೆಯನ್ನು ತೂಗಿ ಕೊಡಲು ಹೇಳಿದಾಗ, ಸ್ವಲ್ಪ ಹೆಚ್ಚೇ ಸೇರಿಸಿ ಕೊಡಿಸಿದರು. ಕೊನೆಗೆ ಒಂಟೆಯನ್ನೂ ಜಾಬಿರ್‌ರಿಗೇ ಮರಳಿಸಿದರು. ಆ ಹೆಚ್ಚಿನ ಅಂಶವನ್ನು ಜಾಬಿರ್(ರ) ಖರ್ಚು ಮಾಡದೆ ತಮ್ಮ ಚೀಲದಲ್ಲಿ ಜೋಪಾನವಾಗಿಟ್ಟುಕೊಂಡಿದ್ದರು. ಹಿಜರಿ 63ರ ಹರ್ರಾ ಕಾಳಗದ ದಿನ ಸಿರಿಯದ ಸೈನಿಕರು ಅದನ್ನು ಕಿತ್ತುಕೊಳ್ಳುವವರೆಗೂ ಅದು ಅವರ ಬಳಿಯೇ ಇತ್ತು.