ಕೆಮ್ಮಿನ ಸಿರಪ್ಪಿನೊಳಗಿನ ಸಿಹಿ ದ್ರವ

ಚಳಿ ಶುರುವಾದರೆ ಸಂಜಯನಗರದ ನನ್ನ ಕ್ಲಿನಿಕ್ಕಿಗೆ ಬರುವ ತಾಯಂದಿರ ಕೈಯಲ್ಲಿ ಮಗುವಿನ ಜೊತೆಗೆ ಒಂದು ಸಿರಪ್ ಬಾಟಲಿಯೂ ಇರುತ್ತದೆ. "ಡಾಕ್ಟ್ರೇ, ದೊಡ್ಡವನಿಗೆ ತಂದಿದ್ದು ಉಳಿದಿದೆ. ಇವಳಿಗೂ ಅರ್ಧ ಚಮಚ ಹಾಕಲಾ?" ಇವಳಿಗೆ ಇನ್ನೂ ಒಂದೂವರೆ ವರ್ಷ. ಬೇಡವೆಂದರೆ ತಾಯಿಯ ಮುಖ ಸಪ್ಪಗಾಗುತ್ತದೆ.

ಪ್ಯಾರಾಸಿಟಮಾಲ್‌ನಂತಹ ಔಷಧಿಗಳು ಬರೀ ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ಅವನ್ನು ಕರಗಿಸಲು ಅನೇಕ ಸಿರಪ್‌ಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಸೇರಿಸುತ್ತಾರೆ. ಇದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲವೆಂದೇ ಹೇಳಬಹುದು, ರುಚಿ ತುಸು ಸಿಹಿ. ಎಣ್ಣೆಯಂತೆ ಮಂದವಾಗಿದ್ದರೂ ನೀರಿನೊಡನೆ ಎಷ್ಟು ಬೇಕಾದರೂ ಬೆರೆಯುತ್ತದೆ. ತೇವ ಹಿಡಿದಿಡುವ ಗುಣದಿಂದಾಗಿ ಮುಖದ ಕ್ರೀಮುಗಳಲ್ಲೂ ಕೆಲವು ಸಿದ್ಧ ತಿನಿಸುಗಳಲ್ಲೂ ಇದು ಇರುತ್ತದೆ. ಫೈಬರ್ ಗ್ಲಾಸ್ ವಸ್ತುಗಳ ರಾಳ ತಯಾರಿಸುವ ಕಾರ್ಖಾನೆಗಳಿಗೂ ಇದು ಬೇಕು. ಆದರೆ ಔಷಧಿಗೆ ಬಳಸುವ ಶುದ್ಧ ದರ್ಜೆಯೇ ಬೇರೆ, ಕಾರ್ಖಾನೆಯ ದರ್ಜೆಯೇ ಬೇರೆ.

ಇದಕ್ಕೊಬ್ಬ ದಾಯಾದಿಯಿದ್ದಾನೆ, ಡೈಎಥಿಲೀನ್ ಗ್ಲೈಕಾಲ್. ಬ್ರೇಕ್ ಆಯಿಲ್, ರಾಳ, ಶಾಯಿಗಳಿಗೆ ಸರಿ, ಹೊಟ್ಟೆಗಲ್ಲ. ನೋಟ, ರುಚಿ ಎರಡೂ ಹೆಚ್ಚುಕಡಿಮೆ ಒಂದೇ, ಬೆಲೆ ಮಾತ್ರ ಕಡಿಮೆ. ಪ್ರೊಪಿಲೀನ್ ಗ್ಲೈಕಾಲ್ ಸ್ವಲ್ಪ ಪ್ರಮಾಣದಲ್ಲಿದ್ದರೆ ದೇಹವು ಅದನ್ನು ಅರಗಿಸಿಕೊಳ್ಳುತ್ತದೆ. ಡೈಎಥಿಲೀನ್ ಗ್ಲೈಕಾಲ್ ದೇಹದಲ್ಲಿ ಡೈಗ್ಲೈಕಾಲಿಕ್ ಆಮ್ಲವಾಗಿ ಬದಲಾಗಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಬಾಟಲಿ ಹಿಡಿದು ನೋಡಿ ನಾನೂ ವ್ಯತ್ಯಾಸ ಹೇಳಲಾರೆ, ಪ್ರಯೋಗಾಲಯವೇ ಹೇಳಬೇಕು.

1937ರಲ್ಲಿ ಅಮೆರಿಕದಲ್ಲಿ ಇದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್‌ನಿಂದ 14 ರೋಗಿಗಳು ತೀರಿಕೊಂಡರು. ಇಷ್ಟಾದರೂ ಪಾಠ ಕಲಿತಿಲ್ಲವೆಂಬುದೇ ಸಂಕಟ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಬಲಿಯಾದರು. ಅವರು ಕುಡಿದ ಕೆಮ್ಮಿನ ಸಿರಪ್ ತಯಾರಾದದ್ದು ನಮ್ಮ ನೆರೆಯ ತಮಿಳುನಾಡಿನಲ್ಲಿ. ಈ ವಿಷ ಶೇ. 0.1ಕ್ಕಿಂತ ಹೆಚ್ಚಿರಬಾರದು. ಆ ಸಿರಪ್ಪಿನಲ್ಲಿ ಶೇ. 48.6 ಇತ್ತು! ಅದೇ ಅಕ್ಟೋಬರಿನಲ್ಲಿ ಕೇಂದ್ರವೂ ನಮ್ಮ ರಾಜ್ಯವೂ ಎರಡು ವರ್ಷದೊಳಗಿನ ಮಕ್ಕಳಿಗೆ ನೆಗಡಿ-ಕೆಮ್ಮಿನ ಸಿರಪ್ ಕೊಡಬಾರದೆಂದು ಸೂಚಿಸಿದವು. ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡವೆಂದು ಕೇಂದ್ರದ ಸಲಹೆ.

ಎಲ್ಲ ಸಿರಪ್ಪೂ ವಿಷವೆಂದು ಹೆದರಬೇಡಿ. ಆದರೆ ಮಕ್ಕಳ ಸಾಮಾನ್ಯ ಕೆಮ್ಮು ಬಹುತೇಕ ತಾನಾಗಿಯೇ ಹೋಗುವಂಥದ್ದು, ಅದಕ್ಕೆ ಇಷ್ಟು ಅವಸರವೇಕೆ? ವರ್ಷ ತುಂಬಿದ ಮಗುವಿಗೆ ಮಲಗುವಾಗ ಅರ್ಧ ಚಮಚ ಜೇನುತುಪ್ಪ ಕೊಡಬಹುದು (ವರ್ಷದೊಳಗೆ ಖಂಡಿತ ಬೇಡ). ಮೂಗು ಕಟ್ಟಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು. ಉಸಿರು ವೇಗವಾದರೆ, ಪಕ್ಕೆ ಒಳಸೆಳೆದರೆ, ಹಾಲು ಕುಡಿಯದಿದ್ದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಬನ್ನಿ.

ಸಿರಪ್ ಕುಡಿದ ಮಗುವಿಗೆ ವಾಂತಿ, ಹೊಟ್ಟೆನೋವು, ವಿಪರೀತ ಮಂಪರು ಕಂಡರೆ, ಅದಕ್ಕಿಂತ ಮುಖ್ಯವಾಗಿ ಮೂತ್ರ ಕಡಿಮೆಯಾದರೆ, ಬೆಳಗಾಗಲೆಂದು ಕಾಯಬೇಡಿ. ಮಕ್ಕಳಿಗೆ ಡಯಾಲಿಸಿಸ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. ಬಾಟಲಿಯನ್ನು ಎಸೆಯದೆ ಜೊತೆಗೇ ಒಯ್ಯಿರಿ. ಅದರ ಮೇಲಿನ ಬ್ಯಾಚ್ ನಂಬರಿನಿಂದಲೇ ಅದೇ ಸಿರಪ್ ಇನ್ನೆಷ್ಟು ಮನೆಗಳಿಗೆ ಹೋಗಿದೆಯೆಂದು ಔಷಧ ನಿಯಂತ್ರಣ ಇಲಾಖೆ ಪತ್ತೆಮಾಡಬೇಕಾಗುತ್ತದೆ.