ಹಾಲಿನ ಪಾತ್ರೆಗಳ ಕನ್ನಡಿ ಹೊಳಪು

ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ

ಹಾಲು ಒಡೆಯುವುದಕ್ಕೆ ಬಿಸಿಲು, ವಿಳಂಬ, ಕೈಕೊಳೆ ಇವುಗಳೇ ಕಾರಣವೆಂದು ಸಾಮಾನ್ಯವಾಗಿ ಎಣಿಸುತ್ತೇವೆ. ಪಾತ್ರೆಯ ಒಳಮೈಯೂ ಅಷ್ಟೇ ಬಲವಾದ ಕಾರಣವಾಗಬಹುದು. ಈ ಲೇಖಕನು ಸಂಚಾರದಲ್ಲಿದ್ದಾಗ ಒಂದು ಗ್ರಾಮದ ಹಾಲು ಸಂಘದಲ್ಲಿ ಸಾಯಂಕಾಲದ ಹಾಲು ಪದೇ ಪದೇ ಒಡೆಯುತ್ತಿದ್ದಿತು. ಕ್ಯಾನುಗಳು ಹೊರಗೆ ಥಳಥಳಿಸುತ್ತಿದ್ದವು. ಒಳಗೆ ಕೈಯಾಡಿಸಿದರೆ ಉಗುರಿಗೆ ಗೀರುಗಳು ತಗಲಿದವು. ಮರಳು ಹಾಕಿ ಉಜ್ಜುವುದು ಅಲ್ಲಿಯ ರೂಢಿಯಾಗಿದ್ದಿತು.

ಹಾಲನ್ನು ಕೆಡಿಸುವ ಸೂಕ್ಷ್ಮಾಣುವಿನ ಗಾತ್ರವು ಸುಮಾರು 1 ಮೈಕ್ರೋಮೀಟರು, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ಕಣ್ಣಿಗೆ ಗೀರಾದುದು ಅದಕ್ಕೆ ಆಳವಾದ ನೇಗಿಲಸಾಲು. ಅಲ್ಲಿ ಉಳಿದ ಹಾಲಿನ ಅಂಶದಲ್ಲಿ ಅವು ವೃದ್ಧಿಯಾಗಿ, ಮರುದಿನದ ಹಾಲಿಗೆ ಹೆಪ್ಪಿನಂತೆ ವರ್ತಿಸುತ್ತವೆ.

ತುಕ್ಕು ಹಿಡಿಯದ ಉಕ್ಕಿನಲ್ಲಿ, 304 ನೆಯ ದರ್ಜೆಯಾದರೆ, ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುತ್ತವೆ. ತಾಮ್ರದ ಪಾತ್ರೆಗೆ ಹಾಕುವ ಕಲಾಯಿಯಂತೆ ಹೊಳಪೆಂಬುದು ಮೇಲೆ ಬಳಿದ ಲೇಪವಲ್ಲ. ಲೋಹವನ್ನೇ ಸವೆಸಿ ಸಮಮಾಡಿದ್ದರ ಫಲ. ಮೊದಲು 80 ಅಥವಾ 120 ನೆಯ ಒರಟು ಉಪ್ಪುಕಾಗದ, ಬಳಿಕ ಕ್ರಮವಾಗಿ 180, 240, 320, 400 ಹೀಗೆ ನಯವಾದವು, ಕೊನೆಗೆ ಮಸಾಲೆ ಸವರಿದ ಬಟ್ಟೆಯ ಚಕ್ರ. ನಡುವೆ ಹಂತಗಳನ್ನು ಬಿಟ್ಟರೆ ಆಳದ ಗೀರುಗಳು ಹೊಳಪಿನ ಕೆಳಗೇ ಉಳಿಯುತ್ತವೆ. ಆದುದರಿಂದ ಹೊಳಪು ಬೇರೆ, ನುಣುಪು ಬೇರೆ.

ನುಣುಪನ್ನು ಅಳೆಯುವ ಮಾನಕ್ಕೆ ಆರ್.ಎ. ಎಂದು ಹೆಸರು. ಹಾಲು ತಗಲುವ ಮೈಗೆ ಇದು 0.8 ಮೈಕ್ರೋಮೀಟರಿಗೆ ಮೀರಬಾರದೆಂಬುದು ರೂಢಿಯ ಮಾನ. ಚೆನ್ನಾಗಿ ಮಾಡಿದ 4 ನೆಯ ನಂಬರಿನ ಮಂಕು ಹೊಳಪೂ ಇದನ್ನು ಮುಟ್ಟಬಲ್ಲದು. 8 ನೆಯ ನಂಬರಿನ ಕನ್ನಡಿ ಹೊಳಪು ಇದಕ್ಕಿಂತ ನಯ, ಬೆಲೆಯೂ ಹೆಚ್ಚು. ಹೊರಮೈಯ ಮಿನುಗಿಗೆ ಹಣ ತೆರಬೇಕಾಗಿಲ್ಲ. ಶೀತಲ ತೊಟ್ಟಿಯನ್ನು ಕೊಳ್ಳುವಾಗ ಲೋಹದ ದರ್ಜೆ, ಒಳಮೈಯ ಆರ್.ಎ., ಬೆಸುಗೆಗಳನ್ನು ಸಮವಾಗಿ ಅರೆದಿರುವುದು, ಮೂಲೆಗಳು ಗುಂಡಗಿರುವುದು, ಇವನ್ನು ಕರಾರಿನಲ್ಲಿ ಬರೆಯಿಸತಕ್ಕದ್ದು.

ಪಾಲಿಸತಕ್ಕ ನಿಯಮಗಳು:

1. ಪಾತ್ರೆ ಬರಿದಾದ ಕೂಡಲೇ ಉಗುರುಬೆಚ್ಚಗಿನ ನೀರಿನಿಂದ ತೊಳೆಯಬೇಕು. ಮೊದಲೇ ಕುದಿನೀರು ಹಾಕಿದರೆ ಹಾಲಿನ ಅಂಶವು ಅಂಟಿಕೊಳ್ಳುತ್ತದೆ.

2. ಅನಂತರ ಬಿಸಿನೀರು, ವಾಷಿಂಗ್ ಸೋಡಾ, ಮೆತ್ತನೆಯ ಬ್ರಷ್ಷು. ಬಳಿಕ ಶುದ್ಧವಾದ ನೀರು.

3. ಮರಳು, ಇಟ್ಟಿಗೆ ಪುಡಿ, ಕಬ್ಬಿಣದ ನಾರು ಸರ್ವಥಾ ಕೂಡದು. ನಾರಿನ ಚೂರುಗಳು ಉಳಿದು ತುಕ್ಕು ಹಿಡಿಯುತ್ತವೆ.

4. ಬ್ಲೀಚಿಂಗ್ ಪುಡಿಯ ನೀರನ್ನಾಗಲಿ ಉಪ್ಪುನೀರನ್ನಾಗಲಿ ಪಾತ್ರೆಯಲ್ಲಿ ನಿಲ್ಲಿಸಬಾರದು. ಉಕ್ಕಿನಲ್ಲಿ ಸಣ್ಣ ಕುಳಿಗಳು ಬೀಳುತ್ತವೆ.

5. ಗಡಸುನೀರಿನಿಂದ ಬಿಳಿಯ ಪೊರೆ ಕಟ್ಟಿದರೆ, ಡೈರಿಗೆಂದೇ ಮಾಡಿದ ಆಮ್ಲದ್ರಾವಣವನ್ನು ಉಪಯೋಗಿಸಿ ಚೆನ್ನಾಗಿ ತೊಳೆಯಬೇಕು. ಆಮ್ಲವನ್ನು ಬ್ಲೀಚಿಂಗ್ ಪುಡಿಯೊಡನೆ ಎಂದಿಗೂ ಬೆರೆಸಬಾರದು, ವಿಷವಾಯು ಹುಟ್ಟುತ್ತದೆ.

6. ಪಾತ್ರೆಗಳನ್ನು ಬೋರಲಾಗಿಟ್ಟು ಒಣಗಿಸಬೇಕು.

ಮೇಲ್ಕಂಡ ಗ್ರಾಮದಲ್ಲಿ ಕ್ಯಾನುಗಳ ಒಳಮೈಯನ್ನು ಪುನಃ ನುಣುಪುಮಾಡಿಸಿ, ಮರಳನ್ನು ಬಿಡಿಸಿದ ಮೇಲೆ ದೂರುಗಳು ನಿಂತವು. ಊರಿನ ಹಾಲೆಲ್ಲ ಒಂದೇ ತೊಟ್ಟಿಗೆ ಸೇರುವುದರಿಂದ, ಒಂದು ಕೆಟ್ಟ ಕ್ಯಾನು ಹಲವು ಮನೆಗಳ ದುಡಿಮೆಯನ್ನು ಕೆಡಿಸಬಲ್ಲದು. ಒಂದೆರಡು ಹಸುಗಳನ್ನೇ ನಂಬಿದ ಬಡವರಿಗೆ ಈ ನಷ್ಟವು ಸಣ್ಣದಲ್ಲ. ಗ್ರಾಮದ ಮುಖಂಡರೂ ಜಮೀನುದಾರರೂ ತಿಂಗಳಿಗೊಮ್ಮೆಯಾದರೂ ಟಾರ್ಚು ಹಿಡಿದು ಕ್ಯಾನು ತೊಟ್ಟಿಗಳ ಒಳಮೈಯನ್ನು ಸ್ವತಃ ಪರೀಕ್ಷಿಸಬೇಕೆಂದು ವಿಜ್ಞಾಪನೆ.