ಬಿಲ್ ಬರುವ ಮೊದಲೇ ಆಡಬೇಕಾದ ಮಾತು

ಎಂಟು ಜನ ಸೇರಿ ಊಟಕ್ಕೆ ಹೋದರೆ ಬಿಲ್ಲನ್ನು ಎಂಟು ಸಮಪಾಲು ಮಾಡುವುದು ಬೆಂಗಳೂರಿನ ಆಫೀಸುಗಳಲ್ಲಿ ಈಗ ಕಟ್ಟಳೆಯೇ ಆಗಿಬಿಟ್ಟಿದೆ. ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಯಾರೋ ಒಬ್ಬರು ಮೊಬೈಲಿನಲ್ಲಿ ಲೆಕ್ಕ ಹಾಕುತ್ತಾರೆ, ಗ್ರೂಪಿಗೆ ಮೊತ್ತ ಕಳಿಸುತ್ತಾರೆ, ಎಲ್ಲರೂ ಯುಪಿಐ ಮಾಡಿ ಎದ್ದು ಹೋಗುತ್ತಾರೆ. ಆದರೆ ಆ ಮೇಜಿನ ಸುತ್ತ ಕೂತವರ ಸಂಬಳ ಸಮವಲ್ಲ, ತಿಂದದ್ದೂ ಸಮವಲ್ಲ. 9,600 ರೂಪಾಯಿ ಬಿಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೂವರ ಬಿಯರ್, ಕಾಕ್‌ಟೇಲಿನದು. ಒಂದು ವೆಜ್ ಪಲಾವ್, ಒಂದು ನಿಂಬೆ ಸೋಡಾ ತೆಗೆದುಕೊಂಡವಳ ಪಾಲಿಗೂ 1,200 ರೂಪಾಯಿ. ಇದನ್ನು ಹಂಚಿಕೊಂಡು ತಿನ್ನುವುದು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಟೀಮಿಗೆ ಹಾವೇರಿ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಳು. ಮೊದಮೊದಲು ಎಲ್ಲರ ಜೊತೆ ಬಂದಳು. ಆಮೇಲೆ ಶುಕ್ರವಾರ ಸಂಜೆಯಾದರೆ ಒಂದಲ್ಲ ಒಂದು ನೆಪ. ಹೊಟ್ಟೆ ಸರಿಯಿಲ್ಲ, ಇವತ್ತು ಉಪವಾಸ, ಪಿಜಿಯಲ್ಲಿ ಊಟ ಮಾಡಿಟ್ಟಿರುತ್ತಾರೆ. ಒಂದು ದಿನ ಬಸ್ ಸ್ಟಾಪಿನಲ್ಲಿ ಇಬ್ಬರೇ ಸಿಕ್ಕಾಗ ಮೆಲ್ಲಗೆ ಕೇಳಿದೆ. "ಉಪವಾಸ ಏನೂ ಇಲ್ರೀ ಮೇಡಂ. ಪಿಜಿಗೆ ಕೊಟ್ಟು, ಊರಿಗೆ ಕಳಿಸಿ ಕೈಯಾಗ ಉಳಿಯೋದ ಸ್ವಲ್ಪ. ಒಂದ್ ಊಟಕ್ಕ ಸಾವಿರ ಅಂದ್ರ ನನಗ ಆಗಂಗಿಲ್ರಿ" ಎಂದಳು. ಎಂದಿದ್ದೇ ತಪ್ಪಾಯಿತೇನೋ ಎನ್ನುವಂತೆ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡು, ಬಸ್ ಬರುವ ದಿಕ್ಕಿಗೆ ತಿರುಗಿ ನಿಂತಳು.

ಹೋಟೆಲಿನಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದರೆ ಜನ ಫೋರ್ಕನ್ನು ಯಾವ ಕೈಯಲ್ಲಿ ಹಿಡಿಯಬೇಕು, ನ್ಯಾಪ್ಕಿನ್ ಎಲ್ಲಿ ಹಾಕಿಕೊಳ್ಳಬೇಕು ಎಂದು ಯೋಚಿಸುತ್ತಾರೆ. ಕೈಯಲ್ಲಿ ಕಲಸಿ ತಿಂದರೂ ನಡೆಯುತ್ತದೆ, ಚಮಚದಲ್ಲಿ ತಿಂದರೂ ನಡೆಯುತ್ತದೆ. ಜೊತೆಗೆ ಕೂತ ಯಾರೊಬ್ಬರೂ ಬಿಲ್ಲಿಗೆ ಹೆದರಿಕೊಂಡು ಊಟ ಮಾಡುವಂತಾಗಬಾರದು ಎಂಬುದನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಅದಕ್ಕೆ ಇರುವುದು ಒಂದೇ ದಾರಿ. ದುಡ್ಡಿನ ಮಾತನ್ನು ಊಟದ ಕೊನೆಗೆ ಬಿಡದೆ ಹೊರಡುವ ಮೊದಲೇ ಆಡಿಬಿಡಬೇಕು.

ಈಗ ನಮ್ಮ ಗ್ರೂಪಿಗೆ ಹೋಗುವ ಮೆಸೇಜು ಹೀಗಿರುತ್ತದೆ: "ಶುಕ್ರವಾರ ಸಂಜೆ ಏಳಕ್ಕೆ. ಊಟ ತಲೆಗೆ ಐನೂರರ ಒಳಗೆ ಆಗುವ ಜಾಗ. ಕುಡಿಯುವವರ ಬಿಲ್ ಬೇರೆ." ಕೂತ ಕೂಡಲೇ ಸಪ್ಲೈಯರ್‌ಗೂ ಎರಡು ಬಿಲ್ ಬೇಕು ಎಂದು ಹೇಳುತ್ತೇವೆ. ಮೊದಲೇ ಹೇಳಿದರೆ ಅವರು ಎರಡು ಕೆಓಟಿ, ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ, ಮಾಡಿಕೊಳ್ಳುತ್ತಾರೆ. ಊಟ ಮುಗಿದ ಮೇಲೆ ಒಡೆದುಕೊಡಿ ಎಂದರೆ ಕಷ್ಟ. ಮದ್ಯ ಜಿಎಸ್‌ಟಿ ವ್ಯಾಪ್ತಿಯಲ್ಲಿ ಇಲ್ಲವಾದ್ದರಿಂದ ಬಹಳ ಕಡೆ ಅದರ ಬಿಲ್ಲನ್ನು ಹೇಗೂ ಬೇರೆ ಮಾಡುತ್ತಾರೆ. ಮೆಸೇಜಿನಲ್ಲಿ ಮೊತ್ತ ಹಾಕುವುದನ್ನು ಹಿರಿಯರು, ಹೆಚ್ಚು ಸಂಬಳದವರು ಮಾಡಬೇಕು. ಹೊಸದಾಗಿ ಸೇರಿದವರ ಬಾಯಿಂದ ಆ ಮಾತು ಬರಲಿ ಎಂದು ಕಾಯುವುದು ಸರಿಯಲ್ಲ. ಹಾವೇರಿಯ ಹುಡುಗಿ ಮತ್ತೆ ಬರತೊಡಗಿದಳು. ಇನ್ನೂ ಇಬ್ಬರು, ಅಲ್ಲಿಯವರೆಗೆ ಏನೂ ಹೇಳದೆ ಕೊಡುತ್ತಿದ್ದವರು, ಇದು ಒಳ್ಳೆಯದಾಯಿತು ಎಂದರು.

ಈ ಊರಿಗೆ ಇದು ಹೊಸತೂ ಅಲ್ಲ. ಬೈಟು ಕಾಫಿಯ ಊರಿದು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಕುಡಿಯುವವರನ್ನು ಇಲ್ಲಿ ಯಾರೂ ಬಡವರೆಂದು ನೋಡುವುದಿಲ್ಲ, ಜಿಪುಣರೆಂದೂ ನೋಡುವುದಿಲ್ಲ. ಇಬ್ಬರು ಮೇಷ್ಟ್ರುಗಳು, ಇಬ್ಬರು ವಕೀಲರು, ಕಾಲೇಜು ಹುಡುಗರು ಎಲ್ಲರೂ ಕೌಂಟರಿನಲ್ಲಿ ಗಟ್ಟಿಯಾಗಿ "ಒಂದು ಬೈಟು" ಎಂದು ಕೂಗಿಯೇ ಹೇಳುತ್ತಾರೆ. ಬೇಕಾದಷ್ಟನ್ನೇ ತೆಗೆದುಕೊಳ್ಳುವುದು, ಅದನ್ನು ಎಲ್ಲರೆದುರಿಗೆ ಹೇಳುವುದು ಇಲ್ಲಿ ಸಹಜವಾಗಿಯೇ ಇತ್ತು. ಮಾಲುಗಳ, ರೂಫ್‌ಟಾಪುಗಳ ಮೇಜಿಗೆ ಬಂದಾಗ ಅದನ್ನು ಯಾಕೆ ಬಿಟ್ಟೆವೋ.

ಒಬ್ಬರೇ ಟ್ರೀಟ್ ಕೊಡುವಾಗಿನ ವಿಷಯ ಬೇರೆ. ಅಲ್ಲಿ ಕೊಡುವವರು ಮೊದಲು ಆರ್ಡರ್ ಮಾಡಬೇಕು. ಕರೆದುಕೊಂಡು ಹೋಗಿ "ನಿಮಗೇನು ಬೇಕೋ ಹೇಳಿ" ಎಂದು ಮೆನು ಕೈಗಿಟ್ಟರೆ ಸಂಕೋಚದವರು ಎಡಗಡೆಯ ಹೆಸರು ಓದುವುದೇ ಇಲ್ಲ, ಬಲಗಡೆಯ ಬೆಲೆಯ ಸಾಲಿನಲ್ಲೇ ಕಣ್ಣಾಡಿಸುತ್ತಾರೆ. ನನ್ನ ಅಪ್ಪ ಹಾಗೇ. ಮೆನು ಮಡಚಿಟ್ಟು "ನನಗೆ ಮೊಸರನ್ನ ಸಾಕು ಮಗಾ" ಎನ್ನುವುದು ಅವರ ರೂಢಿ. ಅವರಿಗೆ ಮೊಸರನ್ನ ಇಷ್ಟ ಎಂದೇ ನಮ್ಮಮ್ಮ ಬಹಳ ಕಾಲ ನಂಬಿದ್ದಳು. ಈಗ ನಾನು ಮೊದಲೇ ಒಂದು ಸೂಪು, ಎರಡು ಸ್ಟಾರ್ಟರು, ರೋಟಿ, ಕುರ್ಮಾ ಎಲ್ಲ ಮೇಜಿಗೆ ತರಿಸಿಬಿಟ್ಟು ಆಮೇಲೆ ಅವರನ್ನು ಕೇಳುತ್ತೇನೆ. ಅಪ್ಪ ಎಲ್ಲವನ್ನೂ ಚೆನ್ನಾಗಿ ತಿನ್ನುತ್ತಾರೆ, ಕೊನೆಯಲ್ಲಿ ಫ್ರೂಟ್ ಸಲಾಡ್ ವಿತ್ ಐಸ್‌ಕ್ರೀಮನ್ನೂ. ಬಿಲ್ಲನ್ನು ಮೇಜಿಗೆ ತರಿಸದೆ ಕೈ ತೊಳೆಯಲು ಎದ್ದಾಗಲೇ ಕ್ಯಾಶಿನಲ್ಲಿ ಕೊಟ್ಟು ಬರುತ್ತೇನೆ. ಗಲ್ಲಾದ ಎದುರು "ನಾನು ಕೊಡ್ತೀನಿ, ನಾನು ಕೊಡ್ತೀನಿ" ಎಂದು ಕೈ ಹಿಡಿದೆಳೆಯುವ ಪ್ರೀತಿಯ ಜಗಳ ನನಗೂ ಇಷ್ಟವೇ. ಅಪ್ಪನ ಪೆನ್ಷನ್ನಿನಿಂದ ಮಾತ್ರ ಅದು ಮುಗಿಯಬಾರದು.

ಇನ್ನು ಬಿಲ್ಲು. ಅದನ್ನು ಓದುವುದು ಸಣ್ಣತನ ಎಂದು ಅನೇಕರಿಗೆ ಅನಿಸುತ್ತದೆ. ತರಕಾರಿ ಅಂಗಡಿಯಲ್ಲಿ ಚೀಟಿ ನೋಡಿ ಎರಡು ರೂಪಾಯಿಗೆ ಮಾತಾಡುವವರು ನಾಲ್ಕು ಸಾವಿರದ ಬಿಲ್ಲನ್ನು ಮಡಚಿದ ಫೋಲ್ಡರಿನಲ್ಲೇ ಕಾರ್ಡ್ ಇಟ್ಟು ಕಳಿಸುತ್ತಾರೆ. ನೋಡಬೇಕಾದದ್ದು ಹೆಚ್ಚೇನಿಲ್ಲ. ಸಾಮಾನ್ಯ ರೆಸ್ಟೋರೆಂಟಿನಲ್ಲಿ, ಎಸಿ ಇರಲಿ ಇಲ್ಲದಿರಲಿ, ಊಟದ ಮೇಲಿನ ಜಿಎಸ್‌ಟಿ ಶೇ 5. 2017ರ ನವೆಂಬರ್ 15ರಿಂದ ಹೀಗಿದೆ; ಅದಕ್ಕೂ ಮೊದಲು ಎಸಿ ಹೋಟೆಲಿನಲ್ಲಿ ಶೇ 18 ಇತ್ತು. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟುಗಳಲ್ಲಿ ಈಗಲೂ ಶೇ 18 ಬರುತ್ತದೆ. ಕಾಂಪೋಸಿಷನ್ ಸ್ಕೀಮಿನಲ್ಲಿರುವ ಸಣ್ಣ ಹೋಟೆಲುಗಳು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ, ತಮ್ಮ ಸಂಪಾದನೆಯಿಂದಲೇ ಕಟ್ಟಬೇಕು.

ನನಗೆ ಸಿಟ್ಟು ಬರುವುದು ಸರ್ವಿಸ್ ಚಾರ್ಜಿನ ವಿಷಯದಲ್ಲಿ. ಇದು ತೆರಿಗೆಯಲ್ಲ, ಸರ್ಕಾರಕ್ಕೆ ಹೋಗುವುದಿಲ್ಲ. ಆದರೆ ತೆರಿಗೆಗಳ ಪಕ್ಕದಲ್ಲೇ ಅದೇ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ನಾಲ್ಕು ಸಾವಿರದ ಊಟಕ್ಕೆ ಶೇ 10 ಎಂದರೆ 400 ರೂಪಾಯಿ. ಅದು ಸೇರಿದ 4,400ರ ಮೇಲೆ ಜಿಎಸ್‌ಟಿ 220. ಒಟ್ಟು 4,620. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ 4,200ಕ್ಕೆ ಮುಗಿಯುತ್ತಿತ್ತು. ಇದನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸಬಾರದು, ಬೇರೆ ಹೆಸರಿಟ್ಟೂ ವಸೂಲಿ ಮಾಡಬಾರದು, ಕೊಡದವರಿಗೆ ಪ್ರವೇಶ ನಿರಾಕರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಮಾಲೀಕರ ಸಂಘಟನೆಗಳು ಕೋರ್ಟಿಗೆ ಹೋದವು, ಅದೇ ತಿಂಗಳು ತಡೆಯಾಜ್ಞೆಯೂ ಬಂತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸಂಘಟನೆಗಳು ಅದರ ವಿರುದ್ಧ ಮೇಲ್ಮನವಿ ಸಲ್ಲಿಸಿವೆ.

ಇಂದಿರಾನಗರದ ಒಂದು ರೆಸ್ಟೋರೆಂಟಿನಲ್ಲಿ ಈ ಸಾಲನ್ನು ತೆಗೆಸುವುದಕ್ಕೆ ನಾನು ಮ್ಯಾನೇಜರ್ ಜೊತೆ ಮಾತಾಡಬೇಕಾಯಿತು.

"ಅದು ಸಿಸ್ಟಮ್ಮಲ್ಲೇ ಬರುತ್ತೆ ಮೇಡಂ. ನಮ್ಮ ಹುಡುಗರಿಗೇ ಹೋಗೋದು."

"ಹುಡುಗರಿಗೆ ನಾನೇ ಕೈಗೆ ಕೊಡ್ತೀನಿ. ಇದನ್ನ ತೆಗೆದು ಬೇರೆ ಬಿಲ್ ಕೊಡಿ."

"ಎಲ್ಲರೂ ಕೊಡ್ತಾರೆ ಮೇಡಂ."

"ಕೊಡೋರು ಕೊಡ್ಲಿ ಸರ್. ಕಡ್ಡಾಯ ಅಲ್ವಲ್ಲ."

ಆತ ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು, ಹೊಸ ಬಿಲ್ ಕೊಟ್ಟ. ಬಿಸಿಬಿಸಿ ಮಾತೇನೂ ಆಗಲಿಲ್ಲ. ಕೊಡದೇ ಹೋಗಿದ್ದರೆ ಹಳೆಯ ಬಿಲ್ಲಿನ ಫೋಟೊ ತೆಗೆದುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತಿದ್ದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಬಿಲ್ ತಂದಿಟ್ಟ ಸಪ್ಲೈಯರ್ ಮೇಲೆ ರೇಗಬಾರದು. ಆ ಸಾಲನ್ನು ತೆಗೆಯುವ ಅಧಿಕಾರ ಅವನಿಗಿಲ್ಲ, ಅದರಿಂದ ಅವನಿಗೆ ಎಷ್ಟು ಸಿಗುತ್ತದೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಮ್ಯಾನೇಜರನ್ನು ಕರೆಸಿ, ತಗ್ಗಿದ ದನಿಯಲ್ಲಿ ಕೇಳಿದರೆ ಸಾಕು.

ಹೋಟೆಲಿನವರ ಕಡೆಯ ಲೆಕ್ಕವೂ ನನಗೆ ಸ್ವಲ್ಪ ಗೊತ್ತು. ನನ್ನ ಸೋದರಮಾವ ರಾಜಾಜಿನಗರದಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದರು. ಕಾಲೇಜಿಗೆ ರಜೆ ಬಂದಾಗ ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಬೇಳೆ, ಎಣ್ಣೆ, ಗ್ಯಾಸಿನ ಬೆಲೆಗಿಂತ ಮಾವನ ನಿದ್ದೆ ಕೆಡಿಸುತ್ತಿದ್ದುದು ಬಾಡಿಗೆ. ಒಂದು ಮೇಜಿಗೆ ಬೆಳಿಗ್ಗೆ ಏಳರಿಂದ ಹನ್ನೊಂದರೊಳಗೆ ಎಷ್ಟು ಸಲ ಜನ ಬದಲಾದರು ಎಂಬುದರ ಮೇಲೆ ಅವರ ತಿಂಗಳು ನಿಂತಿತ್ತು. 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾಗಿ ಊರೆಲ್ಲ ಹಬ್ಬಿದ ದರ್ಶಿನಿಗಳು ಕುರ್ಚಿಯನ್ನೇ ತೆಗೆದುಹಾಕಿದ್ದು ಈ ಕಾರಣಕ್ಕೇ. ನಿಂತು ತಿಂದು ಹೊರಡುವವರಿಗೆ ಇಡ್ಲಿ ಅಗ್ಗವಾಗಿ ಕೊಡಬಹುದು. ಬೆಲೆಯನ್ನು ಬಲವಂತವಾಗಿ ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಸಾಕ್ಷಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಯ ಬೆಲೆ ತೀರ ಕಡಿಮೆ ಇರಬೇಕು ಎಂದು ಸರ್ಕಾರ ಕಟ್ಟು ಮಾಡಿದಾಗ, ಗುಣಮಟ್ಟ ಬಿಡಲೊಪ್ಪದ ಅವರು ರೆಡಿ ಮಿಕ್ಸ್ ಪೊಟ್ಟಣಗಳ ವ್ಯಾಪಾರಕ್ಕೆ ತಿರುಗಿಕೊಂಡರು.

ಆದ್ದರಿಂದ ಕೆಫೆಯಲ್ಲಿ 250 ರೂಪಾಯಿ ಕಾಫಿ ಎಂದರೆ ನನಗೆ ಕೋಪ ಬರುವುದಿಲ್ಲ. ಅಲ್ಲಿ ಕೊಂಡದ್ದು ಎರಡು ಗಂಟೆಯ ಕುರ್ಚಿ, ಎಸಿ, ವೈಫೈ, ಲ್ಯಾಪ್‌ಟಾಪಿಗೆ ಪ್ಲಗ್ಗು. ಕೆಲಸದ ಮಾತಿಗೆ, ಯಾರಾದರೂ ದುಃಖ ಹೇಳಿಕೊಳ್ಳುವುದಕ್ಕೆ ಅಂಥ ಕಡೆಗೇ ಹೋಗಿ, ಬೆಲೆ ಕೊಟ್ಟು ಕೂರಬೇಕು. ಭಾನುವಾರ ಬೆಳಿಗ್ಗೆ ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಹಾಗೆ ಕೂರುವಂತಿಲ್ಲ. ಹೊರಗೆ ಫುಟ್‌ಪಾತಿನ ಮೇಲೆ ಹೆಸರು ಬರೆಸಿ ಕಾಯುವವರಿರುತ್ತಾರೆ, ಅವರಲ್ಲಿ ಮಂಡಿನೋವಿನ ಅಜ್ಜಿಯರೂ ಹಸಿದ ಮಕ್ಕಳೂ ಇರುತ್ತಾರೆ. ದೋಸೆ ತಿಂದು, ಕಾಫಿ ಕುಡಿದು, ಮಾತು ಉಳಿದಿದ್ದರೆ ಡಿವಿಜಿ ರಸ್ತೆಯಲ್ಲಿ ನಡೆಯುತ್ತ ಆಡಿಕೊಳ್ಳಬೇಕು.

ಮಾವನ ಹೋಟೆಲಿನಲ್ಲಿ ನಾನು ಕಲಿತದ್ದರಲ್ಲಿ ಇನ್ನೊಂದಿದೆ. ರಾತ್ರಿ ಷಟರನ್ನು ಅರ್ಧ ಇಳಿಸಿದ ಮೇಲೆ ಹಿರಿಯ ಸಪ್ಲೈಯರ್ ಒಬ್ಬರು ಸ್ಟೀಲಿನ ಡಬರಿಯೊಂದನ್ನು ಕಲ್ಲುಹಾಸಿನ ಮೇಜಿನ ಮೇಲೆ ಮಗುಚುತ್ತಿದ್ದರು. ಸೋಂಪಿನ ಕಾಳು ಅಂಟಿದ ನಾಣ್ಯಗಳು, ನಾಲ್ಕಾಗಿ ಮಡಚಿದ ಹತ್ತರ ನೋಟುಗಳು. ಕಾಳನ್ನು ಬೆರಳಿನಿಂದ ಸರಿಸಿ, ನೋಟನ್ನು ನೀವಿ ಚಪ್ಪಟೆ ಮಾಡಿ ಪಾಲು ಹಾಕುತ್ತಿದ್ದರು. ಮೇಜು ಒರೆಸುವ ಹುಡುಗನ ಪಾಲು ಮೊದಲು, ಆಮೇಲೆ ಪಾತ್ರೆ ತೊಳೆಯುವವರದು, ಕೊನೆಗೆ ಸಪ್ಲೈಯರ್‌ಗಳದು. "ಅವ್ರ ಹತ್ರ ಗಿರಾಕಿ ಬರೋದಿಲ್ಲಲ್ಲ ಮಗಾ, ಅವ್ರಿಗೆ ಯಾರು ಕೊಡ್ತಾರೆ" ಎನ್ನುತ್ತಿದ್ದರು. ಆಗ ಕುಂದಾಪುರ, ಕಾರ್ಕಳದ ಕಡೆಯ ಹುಡುಗರಿದ್ದ ಜಾಗದಲ್ಲಿ ಈಗ ಅಸ್ಸಾಂ, ಒಡಿಶಾ, ನೇಪಾಳದ ಹುಡುಗರಿದ್ದಾರೆ. "ಏಯ್" ಎಂದು ಕೂಗುವವರು, ಚಿಟಿಕೆ ಹೊಡೆಯುವವರು ಮಾತ್ರ ಹಾಗೇ ಇದ್ದಾರೆ. ಭಾಷೆ ಬರದ ಹುಡುಗನಿಗೂ "ಅಣ್ಣಾ" ಎಂದರೆ ಅರ್ಥವಾಗುತ್ತದೆ.

ಟಿಪ್ಸ್ ಕೊಡುವವರು ನಗದು ಇಟ್ಟುಕೊಂಡು ಹೋಗಬೇಕು. ಬಿಲ್ಲಿನ ಜೊತೆ ಐವತ್ತು ಹೆಚ್ಚು ಸೇರಿಸಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಅದು ಬೀಳುವುದು ಮಾಲೀಕರ ಖಾತೆಗೆ. ಹುಡುಗರಿಗೆ ತಲುಪುತ್ತದೋ ಇಲ್ಲವೋ ಮಾಲೀಕರ ಮನಸ್ಸಿಗೆ ಬಿಟ್ಟದ್ದು. ನನ್ನ ಅಭ್ಯಾಸ ಹೀಗಿದೆ: ಕೂತು ತಿನ್ನುವ ಉಡುಪಿ ಹೋಟೆಲಿನಲ್ಲಿ ಇಪ್ಪತ್ತು, ಮೂವತ್ತು ರೂಪಾಯಿ. ದರ್ಶಿನಿಯಲ್ಲಿ ಮೇಜು ಒರೆಸುವವರ ಕೈಗೆ ಹತ್ತು. ದೊಡ್ಡ ರೆಸ್ಟೋರೆಂಟಿನಲ್ಲಿ ಬಿಲ್ಲಿನ ಶೇ 5ರಿಂದ 10. ಇಂದಿರಾನಗರದಲ್ಲಿ ಸರ್ವಿಸ್ ಚಾರ್ಜ್ ತೆಗೆಸಿದ ದಿನ ಉಳಿದ ಹಣದಲ್ಲಿ ಮುನ್ನೂರನ್ನು ಬಡಿಸಿದ ಹುಡುಗನ ಕೈಗೇ ಕೊಟ್ಟೆ. ಸರ್ವಿಸ್ ಚಾರ್ಜ್ ತೆಗೆಸಿ, ಟಿಪ್ಸನ್ನೂ ಕೊಡದೆ ಎದ್ದು ಬರುವುದು ನನಗೆ ಒಪ್ಪಿಗೆಯಿಲ್ಲ.

ತಿಂಗಳ ಮೊದಲ ವಾರ ನಮ್ಮ ಮನೆಯಲ್ಲಿ ಹೋಟೆಲ್ ಖರ್ಚಿಗೆ ಎಂದು ಒಂದಿಷ್ಟು ಹಣವನ್ನು ಬೇರೆ ಖಾತೆಗೆ ಹಾಕಿಡುತ್ತೇವೆ. ಆಫೀಸಿನ ಊಟ, ಅಪ್ಪ ಅಮ್ಮನ ಜೊತೆಗಿನ ಊಟ, ಮನೆಗೆ ತರಿಸುವ ಪಾರ್ಸಲ್ ಎಲ್ಲವೂ ಅದರೊಳಗೇ ಆಗಬೇಕು. ಟಿಪ್ಸಿನ ಹಣವೂ ಆ ಲೆಕ್ಕದಲ್ಲೇ ಬರುತ್ತದೆ, ಅದನ್ನು ಮಾತ್ರ ಹತ್ತು, ಇಪ್ಪತ್ತರ ನೋಟು ಮಾಡಿಸಿ ಪರ್ಸಿನ ಹಿಂದಿನ ಖಾನೆಯಲ್ಲಿ ಇಟ್ಟುಕೊಳ್ಳುತ್ತೇನೆ. ಕೈ ಬಿಗಿಯಾದ ತಿಂಗಳು ಮೊದಲು ನಿಲ್ಲುವುದು ಪಾರ್ಸಲ್.